ಒಂದೇ ತೂಕ, ಎರಡು ವಾಸನೆ: ಧೂಮಕೇತುವಿನ ಧೂಳಿಗೆ ಹೆಸರಿಡುವ ಕಷ್ಟ

ಜುಲೈ ತಿಂಗಳ ಮಡಿಕೇರಿಯಲ್ಲಿ ಮನೆಯ ಕಿಟಕಿಗಳು ತೆರೆಯುವುದೇ ಅಪರೂಪ. ಅಂಥ ಒಂದು ಬೆಳಿಗ್ಗೆ ಅಡುಗೆಮನೆಗೆ ಕಾಲಿಟ್ಟಾಗ ಕೊಳೆತ ಎಲೆಕೋಸಿನ ವಾಸನೆ ಮೂಗಿಗೆ ಬಡಿಯಿತು. ಸಿಲಿಂಡರಿನ ರೆಗ್ಯುಲೇಟರ್ ಸರಿಯಾಗಿ ಕೂತಿರಲಿಲ್ಲ. ಅಡುಗೆ ಅನಿಲಕ್ಕೆ ಸ್ವಂತದ್ದೆನ್ನುವ ವಾಸನೆ ಇಲ್ಲವೇ ಇಲ್ಲ ಎನ್ನಬಹುದು. ಸೋರಿದರೆ ಗೊತ್ತಾಗಲಿ ಎಂದು ಅದಕ್ಕೆ ಈಥೈಲ್ ಮರ್ಕ್ಯಾಪ್ಟನ್ ಎಂಬ ಗಂಧಕದ ಸಂಯುಕ್ತವನ್ನು ಒಂದಿಷ್ಟೇ ಇಷ್ಟು ಬೆರೆಸಿರುತ್ತಾರೆ. ಎರಡು ಇಂಗಾಲ, ಆರು ಜಲಜನಕ, ಒಂದು ಗಂಧಕ. ಅಣುವಿನ ತೂಕ 62.

ಕಿಟಕಿ ತೆರೆದು, ವಾಸನೆ ಹೋದ ಮೇಲೆ ಕಾಫಿ ಇಳಿಸಿಕೊಂಡು ಕುಳಿತೆ. ಕಾಫಿಯ ಘಮ ಎನ್ನುವುದು ನೂರಾರು ಅನಿಲಗಳ ಸಂತೆ. ಆ ಸಂತೆಯಲ್ಲಿ ಒಂದು ಮೂಲೆ ಹಿಡಿದಿರುವುದು ಡೈಮೀಥೈಲ್ ಸಲ್ಫೈಡ್. ಅದರಲ್ಲೂ ಎರಡು ಇಂಗಾಲ, ಆರು ಜಲಜನಕ, ಒಂದು ಗಂಧಕ. ತೂಕವೂ 62. ಮೊದಲನೆಯದರಲ್ಲಿ ಗಂಧಕ ಬಾಲದ ತುದಿಗೆ ಅಂಟಿಕೊಂಡಿದೆ, ಎರಡನೆಯದರಲ್ಲಿ ಎರಡು ಇಂಗಾಲಗಳ ನಡುವೆ ಕೂತಿದೆ. ವ್ಯತ್ಯಾಸ ಅಷ್ಟೇ. ನಮ್ಮ ಮೂಗು ಎರಡನ್ನೂ ಬೇರೆ ಬೇರೆಯಾಗಿ ಗುರುತಿಸಬಲ್ಲದು. ತಕ್ಕಡಿಗೆ ಮಾತ್ರ ಆ ಯೋಗ್ಯತೆ ಇಲ್ಲ.

ಈ 62ರ ಸುತ್ತಲೇ ಈಗ ದೊಡ್ಡ ಚರ್ಚೆ ನಡೆದಿದೆ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ನಿಕ್ಕು ಮಧುಸೂದನ್ ಅವರ ತಂಡ, 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಎಂಬ ಗ್ರಹದ ವಾತಾವರಣದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರ ಸೋದರ ಸಂಬಂಧಿಯ ಸುಳಿವು ಜೇಮ್ಸ್ ವೆಬ್ ದೂರದರ್ಶಕಕ್ಕೆ ಸಿಕ್ಕಿದೆ ಎಂದಿತು. ಭೂಮಿಯಲ್ಲಿ ಈ ಅನಿಲದ ಬಹುಪಾಲು ಸಮುದ್ರದ ಸೂಕ್ಷ್ಮ ಸಸ್ಯಗಳ ಕೊಡುಗೆ. ಆದ್ದರಿಂದ ಅಲ್ಲೂ ಏನೋ ಉಸಿರಾಡುತ್ತಿರಬಹುದೇ ಎಂಬ ಪ್ರಶ್ನೆ ಎದ್ದಿತು. ತಂಡದವರು ಎಚ್ಚರಿಕೆಯ ಮಾತುಗಳನ್ನೇ ಆಡಿದ್ದರು. ಅವು ನಮ್ಮ ಮೊಬೈಲುಗಳನ್ನು ತಲುಪುವ ಹೊತ್ತಿಗೆ ಎತ್ತು ಈಯಿತು ಎಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟು ಎಂಬಂತಾಗಿತ್ತು. ಅದಕ್ಕೂ ಕೆಲವು ತಿಂಗಳ ಮೊದಲು, 2024ರಲ್ಲಿ, ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ನೋರಾ ಹಾನಿ ಮತ್ತು ಸಂಗಡಿಗರು ಇದೇ ಡೈಮೀಥೈಲ್ ಸಲ್ಫೈಡ್ ಅನ್ನು 67ಪಿ ಎಂಬ ಧೂಮಕೇತುವಿನಲ್ಲಿ ಗುರುತಿಸಿದ್ದರು. ಧೂಮಕೇತು ಎಂದರೆ ಹಿಮ ಮತ್ತು ಧೂಳಿನ ಹೆಪ್ಪು. ಅಲ್ಲಿ ಉಸಿರಾಡುವುದು ಏನೂ ಇಲ್ಲ. ಜೀವವಿಲ್ಲದ ಕಡೆಯೂ ಈ ಅಣು ತಾನಾಗಿ ಹುಟ್ಟುತ್ತದೆ ಎಂದಾದರೆ, ದೂರದ ಗ್ರಹದಲ್ಲಿ ಅದು ಕಂಡ ಮಾತ್ರಕ್ಕೆ ಜೀವ ಇದೆ ಎನ್ನುವುದು ಹೇಗೆ? ಈ ಎರಡನೆಯ ಸುದ್ದಿ ನಾನು ತರಿಸುವ ಪತ್ರಿಕೆಗಳಲ್ಲಿ ನನ್ನ ಕಣ್ಣಿಗೆ ಬೀಳಲಿಲ್ಲ.

ಆದರೆ ಧೂಮಕೇತುವಿನ 62 ಸಿಲಿಂಡರಿನ ವಾಸನೆಯಲ್ಲ, ಕಾಫಿಯ ಘಮದ ಪಾಲು ಎಂದು ಹೇಳಿದ್ದು ಯಾರು? ಯಂತ್ರ ಹೇಳಿಲ್ಲ. ಯಂತ್ರ ಹೇಳುವುದು ತೂಕವನ್ನು ಮಾತ್ರ, ಹೆಸರಿಡುವುದು ಮನುಷ್ಯ. ಹೆಸರಿಡುವಾಗ ಅವನು ಏನೇನು ನೋಡುತ್ತಾನೆ, ಎಲ್ಲಿ ಎಡವುತ್ತಾನೆ ಎಂಬುದು ಗೊತ್ತಿದ್ದರೆ ಇಂಥ ಸುದ್ದಿಗಳನ್ನು ಓದುವ ರೀತಿಯೇ ಬೇರೆಯಾಗುತ್ತದೆ.

ಮೊದಲು ಒಂದು ಶಬ್ದದ ತಗಾದೆ ಮುಗಿಸಿಬಿಡೋಣ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಈಗ ಕಾಳುಮೆಣಸು, ಜೇನು, ಏಲಕ್ಕಿ ಎಲ್ಲದರ ಮೇಲೂ ‘ಸಾವಯವ’ ಎಂಬ ಚೀಟಿ. ಅಲ್ಲಿ ಅದರ ಅರ್ಥ ರಾಸಾಯನಿಕ ಹಾಕದೆ ಬೆಳೆದದ್ದು ಎಂದು. ರಸಾಯನಶಾಸ್ತ್ರದಲ್ಲಿ ಸಾವಯವ ಎಂದರೆ ಇಂಗಾಲದ ಬೆನ್ನೆಲುಬಿರುವ ಸಂಯುಕ್ತ, ಅಷ್ಟೇ. ತೋಟಕ್ಕೆ ಸಿಂಪಡಿಸುವ ಕೀಟನಾಶಕವೂ ಆ ಲೆಕ್ಕದಲ್ಲಿ ಸಾವಯವವೇ! ಅವಯವ ಇರುವ ಜೀವಿಗಳಿಂದ ಮಾತ್ರ ಇಂಥವು ಬರುತ್ತವೆ ಎಂದು ನಂಬಿದ್ದ ಕಾಲದ ಹೆಸರು ಅದು. 1828ರಲ್ಲಿ ಜರ್ಮನಿಯ ವೋಲರ್ ಮೂತ್ರದಲ್ಲಿರುವ ಯೂರಿಯಾವನ್ನು ಪ್ರಯೋಗಾಲಯದಲ್ಲೇ ತಯಾರಿಸಿದ. ನಂಬಿಕೆ ಹೋಯಿತು, ಹೆಸರು ಉಳಿಯಿತು. ‘ಧೂಮಕೇತುವಿನಲ್ಲಿ ಸಾವಯವ ವಸ್ತು’ ಎಂಬ ತಲೆಬರಹ ಕಂಡರೆ ಬೆಚ್ಚಿಬೀಳಬೇಕಾಗಿಲ್ಲ.

ಈಗ ಯಂತ್ರ. ಮಾಸ್ ಸ್ಪೆಕ್ಟ್ರೋಮೀಟರ್ ಎಂದು ಕರೆಯುತ್ತಾರೆ, ಪಠ್ಯಪುಸ್ತಕದ ಕನ್ನಡದಲ್ಲಿ ರಾಶಿ ರೋಹಿತಮಾಪಕ. ಕಾಫಿ ಕ್ಯೂರಿಂಗ್ ವರ್ಕ್ಸ್ ನೋಡಿದವರಿಗೆ ಇದರ ಒಳಗುಟ್ಟು ಕಷ್ಟವಾಗದು. ಅಲ್ಲಿ ಬೇಳೆಗಳು ಜರಡಿಯ ಮೇಲೆ ಜರಡಿ ಇಳಿದು ಎಎ, ಎ, ಬಿ, ಪೀಬೆರಿ ಎಂದು ತಾವಾಗಿ ಬೇರೆಯಾಗುತ್ತವೆ. ಇಲ್ಲಿ ಅಣುಗಳು. ಜರಡಿ ಗಾತ್ರ ನೋಡುತ್ತದೆ, ಇದು ತೂಕ ನೋಡುತ್ತದೆ. ಅಣುವಿನಿಂದ ಒಂದು ಎಲೆಕ್ಟ್ರಾನ್ ಕಿತ್ತು ಅದನ್ನು ಅಯಾನು ಮಾಡಿ, ವಿದ್ಯುತ್ತಿನಿಂದ ಒಂದೇ ಸಮನಾದ ತಳ್ಳು ಕೊಟ್ಟರೆ ಹಗುರವಾದದ್ದು ಮುಂದೆ ಓಡುತ್ತದೆ, ಭಾರವಾದದ್ದು ಹಿಂದೆ ಬೀಳುತ್ತದೆ. ಗೆರೆ ಮುಟ್ಟಿದ ಹೊತ್ತು ನೋಡಿ ತೂಕ ಹೇಳಬಹುದು. ಇನ್ನೊಂದು ಬಗೆಯ ಯಂತ್ರದಲ್ಲಿ ದಾರಿಯನ್ನೇ ಬಾಗಿಸುತ್ತಾರೆ. ತಿರುವಿನಲ್ಲಿ ಲಾರಿಯೂ ಬೈಕೂ ಒಂದೇ ರೀತಿ ತಿರುಗುವುದಿಲ್ಲವಲ್ಲ, ಹಾಗೆ.

ತೂಕ ಎಷ್ಟು ಕರಾರುವಾಕ್ಕಾಗಿ ಗೊತ್ತಾಗಬೇಕು ಎಂಬುದರಲ್ಲಿ ಮೊದಲ ತೊಡಕು. 28 ಎಂಬ ಸಂಖ್ಯೆಯನ್ನೇ ತೆಗೆದುಕೊಳ್ಳಿ. ಕಾರ್ಬನ್ ಮೋನಾಕ್ಸೈಡ್ 28, ಸಾರಜನಕದ ಅನಿಲ 28, ಹಣ್ಣು ಮಾಗಿಸುವ ಎಥಿಲೀನ್ ಕೂಡ 28. ದಶಾಂಶ ಬಿಡಿಸಿದರೆ ಮಾತ್ರ ಜಗಳ ಬಗೆಹರಿಯುತ್ತದೆ: 27.995, 28.006, 28.031. 67ಪಿಯ ಬಳಿಗೆ ಹೋದ ಯುರೋಪಿನ ರೊಸೆಟ್ಟಾ ನೌಕೆಯಲ್ಲಿದ್ದ ರೊಸೀನಾ ಉಪಕರಣದ ಡಿಎಫ್‌ಎಂಎಸ್ ಎಂಬ ಭಾಗಕ್ಕೆ 28ರ ಆಸುಪಾಸಿನಲ್ಲಿ ಮೂರು ಸಾವಿರದಲ್ಲಿ ಒಂದು ಪಾಲಿನ ವ್ಯತ್ಯಾಸ ಕಾಣುತ್ತಿತ್ತು. ಮೇಲಿನ ಮೂರನ್ನೂ ಬಿಡಿಸಲು ಅಷ್ಟು ಸಾಕು. ಅದೇ ನೌಕೆಯಿಂದ ಧೂಮಕೇತುವಿನ ಮೇಲೆ ಇಳಿದ ಫಿಲೇ ಎಂಬ ಪುಟ್ಟ ಲ್ಯಾಂಡರಿನ ಕೊಸಾಕ್ ಉಪಕರಣಕ್ಕೆ ಪೂರ್ಣಾಂಕ ಮಾತ್ರ ಕಾಣುತ್ತಿತ್ತು. ಅದರಿಂದ ಆದ ಪಜೀತಿಗೆ ಆಮೇಲೆ ಬರುತ್ತೇನೆ.

62ರ ವಿಷಯದಲ್ಲಿ ದಶಾಂಶವೂ ಕೈಕೊಡುತ್ತದೆ. ಮರ್ಕ್ಯಾಪ್ಟನ್ ಮತ್ತು ಡೈಮೀಥೈಲ್ ಸಲ್ಫೈಡ್ ಎರಡರಲ್ಲೂ ಅವೇ ಪರಮಾಣುಗಳು ಇರುವುದರಿಂದ ಎಷ್ಟು ಅಂಕಿ ಬಿಡಿಸಿದರೂ ತೂಕ ಒಂದೇ. ಆಗ ಉಳಿಯುವ ಉಪಾಯ ಒಡೆಯುವುದು.

ಕೊಡಗಿನವರಿಗೆ ಒಡೆಯುವ ವಿದ್ಯೆ ಹೇಳಿಕೊಡಬೇಕಾಗಿಲ್ಲ. ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಊರೂರಿನಲ್ಲಿ ನಡೆಯುತ್ತದೆ. ಕೆಳಗೆ ಬಿದ್ದ ಚೂರುಗಳನ್ನು ಆಯ್ದು ನೋಡಿ. ಕರಟದ ಹೋಳು, ಬಿಳಿ ತಿರುಳು, ನಾರು. ನೀರು ಎಲ್ಲೋ ಚೆಲ್ಲಿಹೋಗಿದೆ. ಕಾಯಿಯನ್ನೇ ನೋಡದಿದ್ದವನೂ ಈ ಚೂರುಗಳಿಂದ ಅದು ತೆಂಗು ಎನ್ನಬಲ್ಲ, ಹಲಸು ಎನ್ನಲಾರ. ಅಣುವಿನ ಕಥೆಯೂ ಅಷ್ಟೇ. ಎಲೆಕ್ಟ್ರಾನಿನ ಹೊಡೆತ ಬಿದ್ದರೆ ಪ್ರತಿಯೊಂದು ಅಣುವೂ ತನ್ನದೇ ರೀತಿಯಲ್ಲಿ ಒಡೆಯುತ್ತದೆ. ಮರ್ಕ್ಯಾಪ್ಟನ್‌ನಲ್ಲಿ ಎರಡು ಇಂಗಾಲಗಳು ಕೈಹಿಡಿದುಕೊಂಡಿರುವುದರಿಂದ ಆ ಜೋಡಿ 29 ತೂಕದ ಚೂರಾಗಿ ಧಾರಾಳವಾಗಿ ಉದುರುತ್ತದೆ. ಡೈಮೀಥೈಲ್ ಸಲ್ಫೈಡ್‌ನಲ್ಲಿ ನಡುವೆ ಗಂಧಕ ಕೂತಿರುವುದರಿಂದ ಆ ಜೋಡಿ ಸುಲಭಕ್ಕೆ ಹುಟ್ಟುವುದಿಲ್ಲ, ಒಂದು ಬದಿಯ ಇಂಗಾಲ ಕಳಚಿ 47ರ ಚೂರು ಎದ್ದು ಕಾಣುತ್ತದೆ. ಪ್ರಯೋಗಾಲಯದಲ್ಲಿ ಶುದ್ಧ ವಸ್ತುಗಳನ್ನು ಹೀಗೆ ಒಡೆದು ಬರೆದಿಟ್ಟ ದೊಡ್ಡ ದಾಖಲೆಗಳಿವೆ. ಹೊಸ ಚೂರುಗಳನ್ನು ಅದರೊಂದಿಗೆ ಹೋಲಿಸುವುದು ರೂಢಿ.

ಧೂಮಕೇತುವಿನಲ್ಲಿ ಮಾತ್ರ ಇದು ಹೇಳಿದಷ್ಟು ಸಲೀಸಲ್ಲ. ಅಲ್ಲಿ ಒಂದೇ ಕಾಯಿಗೆ ಗುಂಡು ಹೊಡೆಯುತ್ತಿಲ್ಲ. ತೆಂಗು, ಹಲಸು, ಕಿತ್ತಳೆ, ಮಡಕೆ ಎಲ್ಲವನ್ನೂ ಒಂದೇ ಗೋಣಿಯಲ್ಲಿ ತುಂಬಿ ಹೊಡೆದು, ಚೂರುಗಳಿಂದ ಗೋಣಿಯೊಳಗಿನ ಪಟ್ಟಿ ಬರೆಯಬೇಕು. 29ರ ಚೂರು ಬೇರೆ ಹತ್ತು ಅಣುಗಳಿಂದಲೂ ಬರುತ್ತದೆ. ಸಾಲದ್ದಕ್ಕೆ, ಲೋಕದ ದಾಖಲೆಗಳೆಲ್ಲ 70 ಎಲೆಕ್ಟ್ರಾನ್ ವೋಲ್ಟ್ ಹೊಡೆತಕ್ಕೆ ಬರೆದವು. ರೊಸೀನಾ ಹೊಡೆದದ್ದು 45ರಲ್ಲಿ. ಮೆತ್ತಗಿನ ಹೊಡೆತಕ್ಕೆ ಚೂರುಗಳ ಪ್ರಮಾಣ ಬೇರೆ. ಅದಕ್ಕೇ ಆ ತಂಡದ ತೀರ್ಮಾನ ‘ಸಿಕ್ಕಿತು’ ಎಂಬ ಒಂದೇ ಪದದಲ್ಲಿ ಮುಗಿಯುವುದಿಲ್ಲ. ಇಷ್ಟಿಷ್ಟು ಪಾಲು ಇದು ಇದ್ದರೆ ಚೂರುಗಳ ಲೆಕ್ಕ ಸರಿಹೊಂದುತ್ತದೆ, ಮರ್ಕ್ಯಾಪ್ಟನ್ ಒಂದೇ ಎಂದುಕೊಂಡರೆ ಹೊಂದುವುದಿಲ್ಲ ಎಂಬ ಬಗೆಯ ವಾದ ಅದು. ನನಗೆ ಅದು ಒಪ್ಪಿಗೆಯಾಗಿದೆ. ಆದರೆ ಅದು ವಾದ, ಛಾಯಾಚಿತ್ರವಲ್ಲ.

ಗುಂಡಿನ ವೇಗದ ವಿಷಯ ಬಿಟ್ಟರೆ ಈ ಕಥೆ ಅರ್ಧವೇ. 1986ರ ಮಾರ್ಚ್‌ನಲ್ಲಿ ಹ್ಯಾಲಿ ಧೂಮಕೇತು ಬಂದಾಗ ಸೋವಿಯತ್ ಒಕ್ಕೂಟದ ಎರಡು ವೇಗಾ ನೌಕೆಗಳೂ ಯುರೋಪಿನ ಜೊಟ್ಟೋ ನೌಕೆಯೂ ಅದರ ಪಕ್ಕದಲ್ಲೇ ಹಾದುಹೋದವು. ಧೂಳಿನ ಕಣಗಳು ನೌಕೆಯ ತಟ್ಟೆಗೆ ತಾವಾಗಿ ಬಂದು ಅಪ್ಪಳಿಸಿ ಅಯಾನುಗಳಾಗಲಿ, ಅವುಗಳನ್ನು ತೂಗೋಣ ಎಂಬುದು ಯೋಚನೆ. ಜೊಟ್ಟೋಗೆ ಧೂಳು ಬಡಿದ ವೇಗ ಸೆಕೆಂಡಿಗೆ 68 ಕಿಲೋಮೀಟರ್. ಮಡಿಕೇರಿಯಿಂದ ಮೈಸೂರಿಗೆ ಎರಡು ಸೆಕೆಂಡಿನಲ್ಲಿ ಹೋದಂತೆ. ಆ ಹೊಡೆತಕ್ಕೆ ಕಾಯಿ ಹೋಳಾಗುವುದಿಲ್ಲ, ಹಿಟ್ಟಾಗುತ್ತದೆ. ಸಿಕ್ಕಿದ್ದು ಬಹುಮಟ್ಟಿಗೆ ಬಿಡಿ ಪರಮಾಣುಗಳು: ಇಂಗಾಲ, ಜಲಜನಕ, ಆಮ್ಲಜನಕ, ಸಾರಜನಕ. ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರ ಸೇರಿಸಿ ಅವಕ್ಕೆ ‘ಚಾನ್’ ಕಣಗಳು ಎಂದು ಹೆಸರಿಟ್ಟರು. ಧೂಮಕೇತುವಿನ ಧೂಳಿನಲ್ಲಿ ಸಾವಯವ ವಸ್ತು ಧಾರಾಳವಾಗಿದೆ ಎಂಬುದು ಅಂದೇ ಖಚಿತವಾಯಿತು. ಯಾವ ಅಣು ಎಂಬುದು ಆಗಲಿಲ್ಲ.

ಆ ಪಾಠ ಕಲಿತವರು ರೊಸೆಟ್ಟಾದಲ್ಲಿ ದಾರಿ ಬದಲಿಸಿದರು. 2004ರ ಮಾರ್ಚ್ 2ರಂದು ಹೊರಟ ಆ ನೌಕೆ ಹತ್ತು ವರ್ಷ ಅಲೆದು 2014ರ ಆಗಸ್ಟ್‌ನಲ್ಲಿ 67ಪಿ ಧೂಮಕೇತುವನ್ನು ಸೇರಿ, ಅದರ ಜೊತೆಯಲ್ಲೇ ಎರಡು ವರ್ಷ ನಡೆಯಿತು. ಜೊತೆಗೇ ನಡೆಯುವವನಿಗೆ ಧೂಳು ಬಡಿಯುವುದು ಮೆಲ್ಲಗೆ, ಸೆಕೆಂಡಿಗೆ ಹತ್ತು ಮೀಟರಿಗಿಂತ ಕಡಿಮೆ ವೇಗದಲ್ಲಿ. ಕೊಸಿಮಾ ಎಂಬ ಉಪಕರಣ ಬೆರಳುಗುರಿನಷ್ಟು, ಅಂದರೆ ಒಂದು ಸೆಂಟಿಮೀಟರ್ ಚೌಕದ ಲೋಹದ ತಟ್ಟೆಗಳನ್ನು ಒಡ್ಡಿ ಕಾದು ಕೂತಿತು. ಕೆಲವಕ್ಕೆ ರಂಧ್ರಮಯವಾದ ಕರಿ ಚಿನ್ನದ ಲೇಪ, ಕಣ ಜಾರದಿರಲಿ ಎಂದು. ತಟ್ಟೆಯನ್ನು ಒಳಗೆಳೆದುಕೊಂಡು, ಪುಟ್ಟ ಕ್ಯಾಮೆರಾದಿಂದ ಹೊಸ ಧೂಳು ಎಲ್ಲಿ ಕೂತಿದೆ ಎಂದು ನೋಡಿ, ಆ ಜಾಗಕ್ಕೆ ಇಂಡಿಯಂ ಲೋಹದ ಅಯಾನುಗಳ ಸೂಜಿಧಾರೆಯನ್ನು ಗುರಿಯಿಟ್ಟು ಹೊಡೆಯುತ್ತಿತ್ತು. ಕಣದ ಮೈಯಿಂದ ಎದ್ದ ಚೂರುಗಳು ಓಟದ ದಾರಿಗೆ. ಹೀಗೆ ಹಿಡಿದ ಕಣಗಳು, ಅವುಗಳ ಚೂರುಗಳೂ ಸೇರಿ, 35 ಸಾವಿರಕ್ಕೂ ಹೆಚ್ಚು. ಕೆಲವಕ್ಕೆ ಮನುಷ್ಯರ ಹೆಸರನ್ನೇ ಇಟ್ಟರು. 2016ರಲ್ಲಿ ಪ್ರಕಟವಾದ ಮುಖ್ಯ ಫಲಿತಾಂಶ ಕೆನೆತ್ ಮತ್ತು ಜೂಲಿಯೆಟ್ ಎಂಬ ಎರಡು ಧೂಳಿನ ಕಣಗಳದ್ದು.

ಇಷ್ಟೆಲ್ಲ ಮಾಡಿಯೂ ಕೆನೆತ್ ಬಾಯಿ ಬಿಡಲಿಲ್ಲ. ಗ್ಲೈಸಿನ್, ಆಲ್ಕೋಹಾಲ್, ಬೆಂಜೀನ್ ಎಂದು ಪಟ್ಟಿ ಮಾಡಬಹುದಾದ ಚೂರುಗಳು ಬರಲೇ ಇಲ್ಲ. ಬಂದದ್ದು ಬರೀ ಇಂಗಾಲ, ಇಂಗಾಲಕ್ಕೆ ಒಂದೆರಡು ಮೂರು ಜಲಜನಕ ಅಂಟಿದವು. ಕಾಚಂಪುಳಿ ಕಾಯಿಸುವುದನ್ನು ನೋಡಿದವರಿಗೆ ಇದು ಅರ್ಥವಾದೀತು. ಪಣಪುಳಿ ಹಣ್ಣಿನಿಂದ ಇಳಿದ ರಸವನ್ನು ಒಲೆಯ ಮೇಲೆ ಗಂಟೆಗಟ್ಟಲೆ ಕುದಿಸುತ್ತ ಹೋದರೆ ಕೊನೆಗೆ ಟಾರಿನಂಥ ಕರಿ ಪಾಕ ಉಳಿಯುತ್ತದೆ. ಅದರಲ್ಲಿ ಹಣ್ಣನ್ನು ಹುಡುಕಿದರೆ ಸಿಗುತ್ತದೆಯೇ? ಧೂಳಿನ ಇಂಗಾಲವೂ ಹಾಗೆ ಒಂದಕ್ಕೊಂದು ಹೆಣೆದುಕೊಂಡ ದೈತ್ಯ ಜಾಲ. ರಸಾಯನ ಬೇರೆ, ಪಾಡು ಒಂದೇ. ಇಂಗಾಲಭರಿತ ಉಲ್ಕಾಶಿಲೆಗಳಲ್ಲಿ ಯಾವ ದ್ರಾವಕಕ್ಕೂ ಕರಗದೆ ಉಳಿಯುವ ಕಪ್ಪು ವಸ್ತುವಿಗೆ ಇದು ಹತ್ತಿರದ ನೆಂಟ. 2017ರ ಲೆಕ್ಕದ ಪ್ರಕಾರ ಕಣದ ತೂಕದ ಸುಮಾರು 45 ಪಾಲು ಇದೇ ಸಾವಯವ ಪಾಕ, ಉಳಿದ 55 ಪಾಲು ಖನಿಜ. ನನಗೆ ಕೇಳಿದರೆ ರೊಸೆಟ್ಟಾದ ಅತಿ ದೊಡ್ಡ ಫಲಿತಾಂಶ ಇದೇ. ಧೂಮಕೇತುವಿನ ಧೂಳಿನ ಅರ್ಧದಷ್ಟು ಹೆಸರಿಲ್ಲದ ಇಂಗಾಲ. ಹೆಸರಿಲ್ಲದ್ದಕ್ಕೆ ತಲೆಬರಹ ಸಿಗುವುದಿಲ್ಲವಾದ್ದರಿಂದ ಯಾರಿಗೂ ನೆನಪಿಲ್ಲ.

ಹೆಸರುಳ್ಳವು ಸಿಕ್ಕಿದ್ದು ಅನಿಲ ಮೂಸುವ ರೊಸೀನಾಗೆ. ಜಲಜನಕದ ಸಲ್ಫೈಡ್, ಅಮೋನಿಯಾ, ಹೈಡ್ರೋಜನ್ ಸಯನೈಡ್, ಫಾರ್ಮಾಲ್ಡಿಹೈಡ್ ಎಲ್ಲ ಸೇರಿ ಧೂಮಕೇತುವಿಗೆ ಕೊಳೆತ ಮೊಟ್ಟೆ ಮತ್ತು ಕುದುರೆ ಲಾಯದ ವಾಸನೆ ಇರಬೇಕು ಎಂದು ಅದರ ಮುಖ್ಯಸ್ಥೆ ಕ್ಯಾಥ್ರಿನ್ ಆಲ್ಟ್ವೆಗ್ ಹೇಳಿದ್ದರು. 2015ರ ಆಗಸ್ಟ್ 3ರಂದು, ಧೂಮಕೇತು ಸೂರ್ಯನಿಗೆ ಅತಿ ಸಮೀಪ ಬರುವ ಹತ್ತು ದಿನ ಮೊದಲು, ಸುತ್ತಲೂ ದಟ್ಟ ಧೂಳಿತ್ತು. ಕಣಗಳು ಕಾದು, ಸಾಮಾನ್ಯ ದಿನಗಳಲ್ಲಿ ಆವಿಯಾಗದ ಭಾರದ ಅಣುಗಳೂ ಹೊರಬಂದವು. ಏಳು ವರ್ಷದ ನಂತರ, 2022ರಲ್ಲಿ, ಆ ಒಂದು ದಿನದ ದಾಖಲೆಯನ್ನು ಮತ್ತೆ ಕೂಲಂಕಷವಾಗಿ ಜಾಲಾಡಿ ಹಾನಿಯವರ ತಂಡ ದೊಡ್ಡ ಸಾವಯವ ಅಣುಗಳ ಒಂದು ಗುಂಪನ್ನೇ ಹೊರತೆಗೆಯಿತು. ನೌಕೆ ಅಷ್ಟರಲ್ಲಿ ಧೂಮಕೇತುವಿನ ಮೇಲೆ ಬಿದ್ದು ಆರು ವರ್ಷ ಆಗಿತ್ತು.

ಈಗ ಮೊದಲೇ ಹೇಳಿದ ಪಜೀತಿಗೆ ಬರುತ್ತೇನೆ. 2014ರ ನವೆಂಬರ್ 12ರಂದು ಫಿಲೇ ಧೂಮಕೇತುವಿಗೆ ಬಡಿದು, ಪುಟಿದು, ಮೇಲೆ ತೇಲುತ್ತಿದ್ದಾಗ ಕೊಸಾಕ್ ಒಂದು ಉಸಿರು ಎಳೆದುಕೊಂಡಿತು. ಅದರ ಚೂರುಗಳಿಗೆ ಹದಿನಾರು ಅಣುಗಳ ಪಟ್ಟಿ ಹೊಂದಿಸಿ 2015ರಲ್ಲಿ ಪ್ರಕಟಿಸಿದರು. ಪಟ್ಟಿಯಲ್ಲಿ 57ರ ಎದುರು ಮೀಥೈಲ್ ಐಸೋಸಯನೇಟ್ ಎಂದಿತ್ತು. ಭಾರತದಲ್ಲಿ ಈ ಹೆಸರು ಗೊತ್ತಿಲ್ಲದವರು ಕಡಿಮೆ. 1984ರ ಡಿಸೆಂಬರಿನ ಒಂದು ರಾತ್ರಿ ಭೋಪಾಲದಲ್ಲಿ ಸೋರಿದ ಅನಿಲ ಅದೇ. ಆದರೆ 57 ತೂಕದ ಚೂರುಗಳು ಬೇರೆಯೂ ಇವೆ. ನಾಲ್ಕು ಇಂಗಾಲದ ಒಂದು ಸಾಧಾರಣ ಚೂರೂ 57, ಮೂರು ಇಂಗಾಲ ಒಂದು ಆಮ್ಲಜನಕದ ಚೂರೂ 57. ಪೂರ್ಣಾಂಕ ಮಾತ್ರ ಕಾಣುವ ಕಣ್ಣಿಗೆ ಇವು ಒಂದೇ. ದಶಾಂಶ ಬಿಡಿಸಬಲ್ಲ ರೊಸೀನಾದ ದಾಖಲೆಯ ಜೊತೆ ಹೋಲಿಸಿ 2017ರಲ್ಲಿ ಆಲ್ಟ್ವೆಗ್ ಮತ್ತು ಸಂಗಡಿಗರು ಬರೆದರು: ಮೀಥೈಲ್ ಐಸೋಸಯನೇಟ್, ಪ್ರೊಪನಾಲ್, ಗ್ಲೈಕಾಲ್ಡಿಹೈಡ್ ಈ ಮೂರನ್ನೂ ದೃಢಪಡಿಸಲಾಗಲಿಲ್ಲ. ಲ್ಯಾಂಡರಿನ ಇನ್ನೊಂದು ಯಂತ್ರ ಕಂಡದ್ದು ಫಾರ್ಮಾಲ್ಡಿಹೈಡಿನ ಸರಪಳಿ ಎಂದು ಹೇಳಿದ್ದರಲ್ಲ, ಅದೂ ಅನುಮಾನ. ಟಾಲ್ವೀನ್‌ನ ಗುರುತು ಮಾತ್ರ ಸಿಕ್ಕಿತು. ಮೊದಲ ಪಟ್ಟಿ ಲೋಕವೆಲ್ಲ ಸುತ್ತಿತು. ಎರಡನೆಯದನ್ನು ಓದಿದವರು ಆ ಕ್ಷೇತ್ರದವರು ಮಾತ್ರ. ಇದರಲ್ಲಿ ಮೋಸವೇನೂ ಇಲ್ಲ, ವಿಜ್ಞಾನ ನಡೆಯುವುದೇ ಹೀಗೆ. ನನ್ನ ಸಿಟ್ಟಿರುವುದು ತಿದ್ದುಪಡಿಗೆ ಜಾಗ ಕೊಡದ ಸುದ್ದಿಮನೆಗಳ ಮೇಲೆ.

ತೂಕ ಸರಿ, ಚೂರೂ ಸರಿ, ಅಣು ಯಾವುದೆಂದೂ ಖಚಿತ ಎಂದುಕೊಳ್ಳೋಣ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ: ಅದು ಧೂಮಕೇತುವಿನದೋ, ನಮ್ಮದೇ ಕೈಯ ಕೊಳೆಯೋ?

ಭಾಗಮಂಡಲದ ಕಡೆಯ ಜೇನು ಕೃಷಿಕರೊಬ್ಬರು ಕಳೆದ ವರ್ಷ ಪ್ರಯೋಗಾಲಯವೊಂದರ ವರದಿ ಹಿಡಿದುಕೊಂಡು ಬಂದಿದ್ದರು. ಇಂಗಾಲದ ಸಮಸ್ಥಾನಿ ಪರೀಕ್ಷೆ ಎಂದು ಬರೆದು ಎದುರಿಗೆ ಮೈನಸ್ ಇಪ್ಪತ್ತೈದು ಚಿಲ್ಲರೆ ಎಂದಿತ್ತು. ವಿವರಣೆ ಒಂದು ಸಾಲೂ ಇಲ್ಲ. ‘ಮೇಷ್ಟ್ರೇ, ಪಾಸೋ ಫೇಲೋ ಅಷ್ಟು ಹೇಳಿ. ಮೈನಸ್ ಎಂದರೆ ಸಾಲ ಎಂದೇ ನನ್ನ ಲೆಕ್ಕ’ ಎಂದರು. ಪಾಸು ಎಂದೆ. ಇಂಗಾಲದಲ್ಲಿ ನೂರಕ್ಕೆ ಸುಮಾರು ಒಂದರಷ್ಟು ತುಸು ಭಾರದ್ದು, 12ರ ಬದಲು 13. ಕಾಡಿನ ಹೂಮರಗಳು ಈ ಭಾರದ ಇಂಗಾಲವನ್ನು ಬಿಟ್ಟು ಹಗುರವಾದದ್ದನ್ನೇ ಹೆಚ್ಚು ಆರಿಸಿಕೊಳ್ಳುತ್ತವೆ, ಕಬ್ಬು ಮತ್ತು ಜೋಳ ಅಷ್ಟು ಚೌಕಾಸಿ ಮಾಡುವುದಿಲ್ಲ. ಒಂದು ಅಂತರರಾಷ್ಟ್ರೀಯ ಮಾದರಿಗೆ ಹೋಲಿಸಿ ಸಾವಿರಕ್ಕೆ ಎಷ್ಟು ಕಡಿಮೆ ಎಂದು ಬರೆದರೆ ಜೇನು ಮೈನಸ್ 25ರ ಸುತ್ತ, ಕಬ್ಬಿನ ಸಕ್ಕರೆ ಮೈನಸ್ 11, 12ರ ಸುತ್ತ. ಸಕ್ಕರೆ ಪಾಕ ಬೆರೆಸಿದರೆ ಸಂಖ್ಯೆ ಸೊನ್ನೆಯತ್ತ ಜರುಗುತ್ತದೆ. ಅಕ್ಕಿಯಿಂದ ತೆಗೆದ ಪಾಕ ಬೆರೆಸಿದರೆ ಜರುಗುವುದಿಲ್ಲ, ಏಕೆಂದರೆ ಭತ್ತವೂ ಹೂಮರದ ಜಾತಿಯಂತೆಯೇ ಇಂಗಾಲ ತಿನ್ನುತ್ತದೆ. ಆದ್ದರಿಂದ ಈ ಪಾಸು ಕಬ್ಬಿಲ್ಲ ಎಂಬುದಕ್ಕೆ ಮಾತ್ರ ಸಾಕ್ಷಿ, ಜೇನು ಎಂಬುದಕ್ಕಲ್ಲ. ಅದನ್ನೂ ಹೇಳಿದೆ. ಅವರಿಗೆ ಖುಷಿಯಾಗಲಿಲ್ಲ. ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಜೇನಿನ ಕುಟುಂಬಗಳು ನೆಲಕಚ್ಚಿದ ಕಾಲದಿಂದ ಪೆಟ್ಟಿಗೆ ಕಾಯ್ದುಕೊಂಡು ಬಂದವರು, ತಮ್ಮ ಜೇನಿಗೆ ಇನ್ನೊಬ್ಬರ ಚೀಟಿ ಬೇಕಾಗಿದೆ ಎಂಬುದೇ ಅವರಿಗೆ ಅವಮಾನ.

ಅದೇ ಪರೀಕ್ಷೆ ಧೂಮಕೇತುವಿಗೂ ನಡೆದಿತ್ತು. ಅಮೆರಿಕದ ಸ್ಟಾರ್‌ಡಸ್ಟ್ ನೌಕೆ 2004ರ ಜನವರಿ 2ರಂದು ವಿಲ್ಟ್ 2 ಎಂಬ ಧೂಮಕೇತುವಿನ ಪಕ್ಕ ಸೆಕೆಂಡಿಗೆ ಆರು ಕಿಲೋಮೀಟರ್ ವೇಗದಲ್ಲಿ ಹಾಯ್ದು, ಹೊಗೆಯನ್ನೇ ಹೆಪ್ಪುಗಟ್ಟಿಸಿದಂಥ ಏರೋಜೆಲ್ ಎಂಬ ಹಗುರ ವಸ್ತುವಿನಲ್ಲಿ ಧೂಳು ಹಿಡಿದು, 2006ರ ಜನವರಿ 15ರಂದು ಯೂಟಾ ಮರುಭೂಮಿಯಲ್ಲಿ ಇಳಿಸಿತು. ಏರೋಜೆಲ್‌ಗೆ ಅಂಚು ಕಟ್ಟಿದ್ದ ಅಲ್ಯೂಮಿನಿಯಂ ಹಾಳೆಯಲ್ಲಿ ಗ್ಲೈಸಿನ್ ಸಿಕ್ಕಿತು. ಪ್ರೋಟೀನುಗಳನ್ನು ಕಟ್ಟುವ ಅಮೈನೋ ಆಮ್ಲಗಳಲ್ಲಿ ಅತ್ಯಂತ ಸರಳವಾದದ್ದು. ಕುಣಿದಾಡಬೇಕಾದ ಹೊತ್ತಿನಲ್ಲಿ ನಾಸಾದ ವಿಜ್ಞಾನಿಗಳು ಸುಮ್ಮನಿದ್ದರು. ಅದಕ್ಕೆ ಕಾರಣ ನೈಲಾನ್. ಮಾದರಿಗಳನ್ನು ಇಡಲು ನೈಲಾನ್ ಚೀಲ ಬಳಸಿದ್ದರು, ನೈಲಾನಿನಿಂದ ಉದುರುವ ಒಂದು ಆಮ್ಲ ಮಾದರಿಗಳಲ್ಲೆಲ್ಲ ಹರಡಿಕೊಂಡಿತ್ತು. ಗ್ಲೈಸಿನ್ ಕೂಡ ಆ ಚೀಲದ್ದೋ, ಯಾರದೋ ಬೆರಳಿನದೋ ಆಗಿರಬಹುದಲ್ಲ? ಅಮೈನೋ ಆಮ್ಲಗಳಲ್ಲಿ ಎಡಗೈ ಬಲಗೈ ಎಂಬಂತೆ ಎರಡು ರೂಪಗಳಿರುತ್ತವೆ, ಭೂಮಿಯ ಜೀವಿಗಳದ್ದು ಬಹುಮಟ್ಟಿಗೆ ಎಡ. ಎರಡೂ ಸಮನಾಗಿದ್ದರೆ ಹೊರಗಿನದು ಎನ್ನಬಹುದು. 2025ರ ಜನವರಿಯಲ್ಲಿ ಬೆನ್ನು ಎಂಬ ಹೆಸರಿನ ಕ್ಷುದ್ರಗ್ರಹದ ಮಣ್ಣಿನ ಫಲಿತಾಂಶ ಬಂದಾಗ ನಂಬಿಕೆ ಹುಟ್ಟಿಸಿದ ಸಂಗತಿಗಳಲ್ಲಿ ಆ ಸಮಪಾಲೂ ಒಂದು. ಗ್ಲೈಸಿನ್‌ಗೆ ಮಾತ್ರ ಎಡಬಲವೇ ಇಲ್ಲ. ಉಳಿದದ್ದು ಜೇನಿನ ಪರೀಕ್ಷೆ ಒಂದೇ. ಇದ್ದ ಅಣುಮಾತ್ರದ ಗ್ಲೈಸಿನ್‌ನಲ್ಲಿ ಅದನ್ನು ಮಾಡಿ ಮುಗಿಸಲು 2009 ಬಂತು. ಸಿಕ್ಕ ಸಂಖ್ಯೆ ಪ್ಲಸ್ 29. ಭೂಮಿಯ ಗ್ಲೈಸಿನ್ ಸಾಮಾನ್ಯವಾಗಿ ಸೊನ್ನೆಯ ಕೆಳಗೇ ಇರುತ್ತದೆ. ನಮ್ಮ ಕಾಡಿನ ಯಾವ ಹೂವೂ, ಯಾವ ನೈಲಾನ್ ಚೀಲವೂ ಪ್ಲಸ್ 29ಕ್ಕೆ ಏರಲಾರದು. ಆಗ ಬಾಯಿಬಿಟ್ಟರು.

ಧೂಮಕೇತುವಿನ ಸಾವಯವ ಸಂಯುಕ್ತಗಳ ಬಗ್ಗೆ ಬಂದ ಹೇಳಿಕೆಗಳಲ್ಲಿ ನಾನು ಅತಿ ಹೆಚ್ಚು ನಂಬುವುದು ಇದನ್ನೇ. ಬಾಹ್ಯಾಕಾಶದಲ್ಲಿದ್ದ ಯಂತ್ರಗಳಿಗೆ ಈ ಸೌಲಭ್ಯ ಇರಲಿಲ್ಲ. ಕೊಸಿಮಾದ ದಾಖಲೆಗಳಲ್ಲಿ 73ರ ಹತ್ತಿರ ಸದಾ ಕಾಣುತ್ತಿದ್ದ ಒಂದು ಚೂರು ಸಿಲಿಕೋನ್ ಎಣ್ಣೆಯದು, ಭೂಮಿಯಿಂದಲೇ ಅಂಟಿಕೊಂಡು ಹೋದದ್ದು. ಹತ್ತು ವರ್ಷ ನಿರ್ವಾತದಲ್ಲಿ ಒಣಗಿದರೂ ರೊಸೆಟ್ಟಾ ತನ್ನದೇ ಅನಿಲಗಳನ್ನು ಬಿಡುತ್ತಲೇ ಇತ್ತು. ಮುಂಗಾರಿನಲ್ಲಿ ಒಗೆದ ಕಂಬಳಿಯಂತೆ, ಎಷ್ಟು ದಿನವಾದರೂ ಒಳಗೆ ತೇವ! ಧೂಮಕೇತು ತಲುಪುವ ಮೊದಲೇ ನೌಕೆಯ ಸ್ವಂತ ವಾಸನೆಯನ್ನು ಅಳೆದು ಬರೆದಿಟ್ಟುಕೊಂಡಿದ್ದರಿಂದ ಆಮೇಲೆ ಕಳೆಯಲು ಸಾಧ್ಯವಾಯಿತು. 2016ರಲ್ಲಿ ರೊಸೀನಾ ಕೂಡ 67ಪಿಯಲ್ಲಿ ಗ್ಲೈಸಿನ್ ಇದೆ ಎಂದಾಗ, ಜೊತೆಗೆ ಮೀಥೈಲಮೈನ್ ಮತ್ತು ಈಥೈಲಮೈನ್ ಸಿಕ್ಕಿದ್ದನ್ನೂ ಒತ್ತಿ ಹೇಳಿದರು. ಮನೆಮಂದಿಯ ಜೊತೆ ಕಂಡರೆ ಆಸಾಮಿ ಅವನೇ ಎಂಬ ಧೈರ್ಯ.

ಕೆ2-18ಬಿಗೆ ಮರಳಿದರೆ, ಅಲ್ಲಿ ಇದ್ಯಾವುದೂ ಇಲ್ಲ. ತೂಕವಿಲ್ಲ, ಚೂರಿಲ್ಲ, ಸಮಸ್ಥಾನಿ ಇಲ್ಲ. ನಕ್ಷತ್ರದ ಬೆಳಕು ಗ್ರಹದ ಗಾಳಿಯ ಅಂಚಿನಲ್ಲಿ ತೂರಿಬರುವಾಗ ಯಾವ ಬಣ್ಣ ಎಷ್ಟು ಮಂಕಾಯಿತು ಎಂಬುದಷ್ಟೇ ಸಾಕ್ಷಿ. ಅದೇ ಅಂಕಿಗಳನ್ನು ಬೇರೆ ತಂಡಗಳು ತಮ್ಮ ವಿಧಾನದಲ್ಲಿ ಲೆಕ್ಕ ಹಾಕಿದಾಗ ಡೈಮೀಥೈಲ್ ಸಲ್ಫೈಡ್‌ಗೆ ಸಾಕಷ್ಟು ಆಧಾರ ಕಾಣಲಿಲ್ಲ. ಅನಿಲ ನಿಜವಾಗಿಯೂ ಇದೆ ಎಂದು ನಾಳೆ ಸಾಬೀತಾದರೂ 67ಪಿ ಅಡ್ಡ ನಿಂತಿರುತ್ತದೆ. ಇದಕ್ಕೆ ಎದುರು ವಾದವೂ ಉಂಟು. ಧೂಮಕೇತುಗಳು ತಂದು ಸುರಿಯುವ ಪ್ರಮಾಣ ಅಷ್ಟು ದೊಡ್ಡ ಗ್ರಹದ ವಾತಾವರಣಕ್ಕೆ ಸಾಲದು ಎನ್ನಬಹುದು. ಅದು ನ್ಯಾಯವಾದ ಮಾತು. ಆದರೆ ಅಲ್ಲಿಗೆ ಬಂದರೆ ಚರ್ಚೆ ‘ಇದೆಯೇ’ ಎಂಬುದರಿಂದ ‘ಎಷ್ಟಿದೆ’ ಎಂಬುದಕ್ಕೆ ಬಂದಂತೆ.

2025ರ ಜುಲೈ 1ರಂದು ಕಣ್ಣಿಗೆ ಬಿದ್ದ 3ಐ/ಅಟ್ಲಾಸ್ ಎಂಬ, ಸೌರಮಂಡಲದ ಆಚೆಯಿಂದ ಬಂದ ಪರದೇಶಿ ಧೂಮಕೇತುವಿನ ಬಗ್ಗೆಯೂ ಇದೇ ಎಚ್ಚರ ಬೇಕು. ಅದು ಅನ್ಯಗ್ರಹದ ನೌಕೆ ಎಂಬ ವಾಟ್ಸ್ಆ್ಯಪ್ ಸಂದೇಶ ನನಗೆ ಬಂದದ್ದೇ ಹತ್ತಾರು ಬಾರಿ. ಅದರ ಅನಿಲಗಳ ಬಗ್ಗೆ ನಮಗೆ ತಿಳಿದದ್ದೆಲ್ಲ ಬೆಳಕಿನಿಂದ ತಿಳಿದದ್ದು, ಯಾರೂ ಅದನ್ನು ತೂಗಿಲ್ಲ. ತೂಗುವ ಯಂತ್ರ ನಮ್ಮ ದೇಶಕ್ಕೆ ಹೊಸದೇನಲ್ಲ. ಚಂದ್ರಯಾನ-1ರಿಂದ 2008ರಲ್ಲಿ ಚಂದ್ರನತ್ತ ಬಿದ್ದ ಪೆಟ್ಟಿಗೆಯಲ್ಲೂ, ಮಂಗಳಯಾನದಲ್ಲೂ ಒಂದೊಂದು ಇತ್ತು. ಧೂಮಕೇತುವಿನ ಬಳಿ ಮಾತ್ರ ನಾವು ಇನ್ನೂ ಹೋಗಿಲ್ಲ.

ಮುಂದೆ ಹೋಗಲಿರುವುದು ಯುರೋಪಿನ ಕಾಮೆಟ್ ಇಂಟರ್‌ಸೆಪ್ಟರ್. 2029ರ ಸುಮಾರಿಗೆ ಹಾರಿ, ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಬೇಟೆಗಾರ ಮಚಾನಿನಲ್ಲಿ ಕೂತಂತೆ ಕಾದಿರುತ್ತದೆ. ಸೂರ್ಯನ ಹತ್ತಿರ ಮೊದಲ ಬಾರಿಗೆ ಬರುವ ಧೂಮಕೇತು ಕಂಡಾಗ ಅತ್ತ ಹೊರಡುತ್ತದೆ. ಅದರಲ್ಲೂ ಬರ್ನ್ ವಿಶ್ವವಿದ್ಯಾಲಯದವರ ಮಾಸ್ ಸ್ಪೆಕ್ಟ್ರೋಮೀಟರ್ ಇದೆ. ಎದುರಾಗುವ ವೇಗ ಸೆಕೆಂಡಿಗೆ ಹತ್ತು ಕಿಲೋಮೀಟರೋ ಎಪ್ಪತ್ತೋ ಹೇಳುವಂತಿಲ್ಲವಾದ್ದರಿಂದ ಯಂತ್ರವನ್ನು ಎರಡಕ್ಕೂ ಒಗ್ಗುವಂತೆ ಕಟ್ಟಬೇಕಾಗಿದೆ. ಕಾಯಿ ಯಾವ ಮರದಲ್ಲಿದೆ ಎಂದು ಗೊತ್ತಿಲ್ಲದೆ ಕೋವಿಗೆ ಮದ್ದು ತುಂಬುವ ಕೆಲಸ. ಆ ಧೂಮಕೇತು ಬಹುಶಃ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲ.